ಮೂವತ್ತೆಂಟು ನಿಮಿಷದ ಆಟಗಾರ

ನಾನು ಒಂದು ಆಟದ ಪೆಟ್ಟಿಗೆ. ಅಂಗಡಿಯವರು ಕನ್ಸೋಲ್ ಎನ್ನುತ್ತಾರೆ. ನಾನಿದ್ದ ಮನೆಯ ದೊಡ್ಡವ್ವ ಕರೇ ಪೆಟಗಿ ಎನ್ನುತ್ತಿದ್ದಳು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ನೆನಪನ್ನೆಲ್ಲ ಅಳಿಸಿಹಾಕುತ್ತಾರೆ. ಅದಕ್ಕೆ ಮೊದಲು ಒಬ್ಬನ ವಿಷಯ ಹೇಳಿ ಮುಗಿಸಬೇಕು.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಮೇಜಿನ ಮುಂದೆ ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬಳು ನನ್ನೊಳಗೆ ಫ್ಯಾನು ಕೂರಿಸಿದಳು. ಇನ್ನೊಬ್ಬಳು ಸ್ಕ್ರೂ ಬಿಗಿದಳು. ಕೊನೆಯವಳು ಗುಂಡಿ ಒತ್ತಿ, ದೀಪ ಹತ್ತಿದ್ದನ್ನು ನೋಡಿ, ಆರಿಸಿ, ರಟ್ಟಿನ ಡಬ್ಬಿಗೆ ತುಂಬಿದಳು. ಅವರು ಯಾರೂ ಮಾತಾಡಲಿಲ್ಲ. ಕೆಲಸ ಮಾಡುವ ಕೈಗಳು ಮಾತಾಡುವುದಿಲ್ಲ ಎಂಬುದನ್ನು ನಾನು ಅಲ್ಲಿಯೇ ಕಲಿತೆ.

ನನಗೆ ಬರುವ ಕೆಲಸ ಎರಡು. ಕೊಟ್ಟ ಕಥೆಯನ್ನು ಟಿ.ವಿ.ಯ ಮೇಲೆ ತೋರಿಸುವುದು ಒಂದು. ಯಾರು ಯಾವ ಆಟವನ್ನು ಎಷ್ಟು ಹೊತ್ತು ಆಡಿದರು, ಎಲ್ಲಿಯವರೆಗೆ ಆಡಿದರು ಎಂದು ಅವರವರ ಹೆಸರಿನಲ್ಲಿ ಬರೆದಿಟ್ಟುಕೊಳ್ಳುವುದು ಇನ್ನೊಂದು. ಈ ಎರಡನೆಯದನ್ನು ಯಾರೂ ಹೇಳದೆಯೇ ಮಾಡುತ್ತೇನೆ.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಹಲ್ಲಿನ ಡಾಕ್ಟರು, ಕುಬಸದ ಎಂಬುವರು. ಸರದಿಗೆ ಕಾದು ಕೂತ ಮಕ್ಕಳು ಅಳದಿರಲಿ ಎಂದು ನನ್ನನ್ನು ದವಾಖಾನೆಯ ಹೊರಕೋಣೆಯಲ್ಲಿ ಇಟ್ಟರು. ಆದರೆ ಅವರು ತಂದಿದ್ದ ಆಟ ಚೆಂಡಿನ ಆಟವಲ್ಲ, ಕಥೆಯ ಆಟ. ಅದನ್ನು ಮುಗಿಸಲು ಇಪ್ಪತ್ತು ತಾಸು ಬೇಕು. ಹಲ್ಲು ನೋಯುವವರು ಕೂರುವುದು ಇಪ್ಪತ್ತು ನಿಮಿಷ. ಕಥೆಯೊಳಗಿನ ತಂದೆ ಕಳೆದುಹೋದ ಮಗಳ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಕರೆ ಬರುತ್ತಿತ್ತು. ಆಡುತ್ತಿದ್ದವರು ಎದ್ದು ಹೋಗುತ್ತಿದ್ದರು. ಮುಂದಿನವರು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ಹೆಸರು ಕರೆಯುವ ಮೇಜಿನಲ್ಲಿ ಕೂರುತ್ತಿದ್ದವಳು ನೀಲಗಂಗಾ. ಕನ್ನಡ ಎಂ.ಎ. ಮಾಡಿಕೊಂಡವಳು, ಇಪ್ಪತ್ತಾರು ವರ್ಷ. ಎಂಟು ತಿಂಗಳು ಅವಳು ಅದೇ ಕಥೆಯ ಅದೇ ಮೊದಲ ತುಣುಕನ್ನು ನೋಡಿದಳು. ದವಾಖಾನೆಗೆ ಬಣ್ಣ ಬಳಿಸುವ ವಾರ ಡಾಕ್ಟರು ನನ್ನ ಕಡೆ ಬೆರಳು ತೋರಿಸಿದರು.

"ಇದನ್ನ ಮನಿಗೆ ಒಯ್ತೀಯೇನವಾ? ಹಲ್ಲು ತೋರಿಸಿದ ಮ್ಯಾಲೂ ಹುಡುಗರು ಇದನ್ನ ಬಿಟ್ಟು ಮನಿಗೆ ಹೋಗವಲ್ರು."

"ಒಯ್ತೀನ್ರಿ ಸರ್."

"ನಿನಗ್ಯಾಕ ಇದರ ಹುಚ್ಚು?"

"ಆ ಮಗಳು ಸಿಕ್ಕಳೋ ಇಲ್ಲೋ ನೋಡಬೇಕ್ರಿ."

ಹಾಗೆ ನಾನು ಕೇಶ್ವಾಪುರದ ಒಂದು ಮನೆಗೆ ಬಂದೆ. ಮಹಡಿಯ ಮೇಲೆ ನೀಲಗಂಗಾ ಮತ್ತು ಅವಳ ತಾಯಿ. ಕೆಳಗೆ ಅವಳ ದೊಡ್ಡವ್ವ, ದೊಡ್ಡಪ್ಪ ಮತ್ತು ಅವರ ಮಗ ಚಿದಾನಂದ. ದೊಡ್ಡ ಟಿ.ವಿ. ಇದ್ದದ್ದು ಕೆಳಗಿನ ಹಾಲಿನಲ್ಲಿ. ಆದ್ದರಿಂದ ನನ್ನ ಜಾಗವೂ ಕೆಳಗೇ ಆಯಿತು. ನಡೆದದ್ದಕ್ಕೆಲ್ಲ ಮೂಲ ಇದೇ ಎಂದು ಆಮೇಲೆ ಅನ್ನಿಸಿದೆ.

ದವಾಖಾನೆಯಿಂದ ಮಧ್ಯಾಹ್ನ ಎರಡಕ್ಕೆ ಬಂದು, ಊಟ ಮಾಡಿ, ನೀಲಗಂಗಾ ನನ್ನ ಮುಂದೆ ಕೂರುತ್ತಿದ್ದಳು. ಪಕ್ಕದಲ್ಲಿ ಒಂದು ನೋಟ್‌ಬುಕ್ಕು. ಎಡಗಡೆಯ ಪುಟದಲ್ಲಿ ಆಟದ ಗುಣ, ಬಲಗಡೆಯ ಪುಟದಲ್ಲಿ ದೋಷ. ಬರೆದ ಮೇಲೆ ಒಮ್ಮೆ ಮೆಲ್ಲಗೆ ಓದಿಕೊಳ್ಳುವ ಅಭ್ಯಾಸ ಅವಳದು. ಅದರಿಂದಾಗಿ ಅವು ನನಗೂ ಬಾಯಿಪಾಠ.

"ಪುಸ್ತಕದಲ್ಲಿ ಬಾಗಿಲನ್ನು ಪಾತ್ರ ತೆರೆಯುತ್ತದೆ, ನಾನು ನೋಡುತ್ತೇನೆ. ಇಲ್ಲಿ ಒಳಗೆ ಹೆಣವಿದೆ ಎಂದು ಗೊತ್ತಿದ್ದೂ ನಾನೇ ತೆರೆಯಬೇಕು. ಈ ಆಟಗಳು ತಪ್ಪಿನಲ್ಲಿ ನಮಗೆ ಪಾಲು ಕೊಡುತ್ತವೆ." ಇದು ಎಡಗಡೆ ಬರೆದದ್ದು.

"ಕಟ್‌ಸೀನಿನಲ್ಲಿ, ಎಂದರೆ ನಮ್ಮ ಕೈಯಿಂದ ಕಂಟ್ರೋಲರ್ ಕಸಿದು ಸಿನಿಮಾ ತೋರಿಸುವ ಭಾಗದಲ್ಲಿ, ನಾಯಕಿ ಒಬ್ಬನನ್ನು ಕೊಂದು ಕೈ ನಡುಗಿಸುತ್ತಾಳೆ. ಅದಕ್ಕೆ ಮೊದಲು ಅವಳ ಕೈಯಿಂದ ನಾನು ಮೂವತ್ತೊಂದು ಜನರನ್ನು ಕೊಂದಿದ್ದೆ. ಆಗ ಆ ಕೈ ನಡುಗಲಿಲ್ಲ." ಇದು ಬಲಗಡೆ. "ಗೆಳೆಯ ಸಾಯುತ್ತಿದ್ದಾನೆ. ಪಕ್ಕದಲ್ಲಿ ಒಂದು ನಾಣ್ಯ ಮಿನುಗುತ್ತಿದೆ, ಹೆಕ್ಕು ಎನ್ನುತ್ತದೆ ಆಟ. ಹೆಕ್ಕಿದೆ. ಅವನ ಕೊನೆಯ ಮಾತು ಕೇಳಲಿಲ್ಲ." ಇದೂ ಬಲಗಡೆ.

ಅವಳದೇ ಆದ ಒಂದು ಅಳತೆಯೂ ಇತ್ತು. ಆಟ ನಮ್ಮನ್ನು ಎಷ್ಟು ಹೊತ್ತು ಸುಮ್ಮನೆ ಬಿಡುತ್ತದೆ ಎಂದು ಗೋಡೆಯ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದಳು. ಕುದುರೆಯ ಮೇಲೆ ಬಯಲು ದಾಟುವಾಗ ಯಾರೂ ಮಾತಾಡದೆ ಇದ್ದರೆ ಅದಕ್ಕೆ ನಿಮಿಷಕ್ಕೊಂದು ಗುಣ. ಒಗಟಿನ ಮುಂದೆ ನಿಂತು ಯೋಚಿಸುವಷ್ಟರಲ್ಲಿ ಜೊತೆಗಾರ "ಆ ಏಣಿ ಎಳೆದು ನೋಡು" ಎಂದರೆ ದೋಷ. ಇಷ್ಟು ಶ್ರದ್ಧೆಯಿಂದ ನನ್ನ ಕೆಲಸವನ್ನು ಯಾರೂ ನೋಡಿರಲಿಲ್ಲ.

ಚಿದಾನಂದ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. 'ಆಟದ ಕಟ್ಟಿ' ಎಂಬ ಹೆಸರಿನಲ್ಲಿ ವಿಡಿಯೊ ಮಾಡುತ್ತಿದ್ದ. ದನಿ ಚೆನ್ನಾಗಿತ್ತು, ನಗುವೂ ಚೆನ್ನಾಗಿತ್ತು. ಆಡುವ ತಾಳ್ಮೆ ಮಾತ್ರ ಇರಲಿಲ್ಲ. ಯಾವ ಆಟವನ್ನೂ ಅವನು ಒಂದು ತಾಸು ಆಡಿದ್ದನ್ನು ಆಗ ನಾನು ಬರೆದುಕೊಂಡಿರಲಿಲ್ಲ. ಕಥೆ ಮೆಲ್ಲಗೆ ನಡೆಯತೊಡಗಿದರೆ ಅವನ ಹೆಬ್ಬೆರಳು ಸುಮ್ಮನೆ ಗುಂಡಿಗಳನ್ನು ಕುಟ್ಟುತ್ತಿತ್ತು.

ಅವನ ಮೇಲೆ ನನ್ನ ಮೊದಲ ಸಿಟ್ಟು ಹುಟ್ಟಿದ್ದು ಒಂದು ಶನಿವಾರ. ನೀಲಗಂಗಾ ಇಪ್ಪತ್ತೆರಡು ತಾಸು ಆಡಿದ್ದ ಆಟವನ್ನು ನಾನು ಉಳಿಸಿಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ನನ್ನನ್ನು ಆರಿಸಬಾರದು ಎಂದು ಪರದೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿರುತ್ತೇನೆ. ಚಿದಾನಂದನಿಗೆ ತನ್ನ ಕ್ಯಾಮೆರಾದ ದೀಪಕ್ಕೆ ಪ್ಲಗ್ಗು ಬೇಕಿತ್ತು. ನನ್ನ ವೈರು ಕಿತ್ತ. ಇಪ್ಪತ್ತೆರಡು ತಾಸು ಹೋಯಿತು. ನೀಲಗಂಗಾ ಅಡುಗೆಮನೆಯಿಂದ ಬಂದು ನೋಡಿದಳು, ಏನೂ ಅನ್ನಲಿಲ್ಲ. ಮತ್ತೆ ಮೊದಲಿನಿಂದ ಆಡಿದಳು. ಅವಳು ಅನ್ನದಿದ್ದದ್ದನ್ನು ನಾನು ನನ್ನೊಳಗೆ ಇಟ್ಟುಕೊಂಡೆ.

ಆಮೇಲೆ ಅವನು ನೋಟ್‌ಬುಕ್ಕಿಗೆ ಕೈ ಹಾಕಿದ. ಅವಳು ದವಾಖಾನೆಗೆ ಹೋದಾಗ ಪುಟಗಳ ಫೋಟೋ ಹೊಡೆದುಕೊಂಡು, ನನ್ನ ಪಕ್ಕದಲ್ಲೇ ಕ್ಯಾಮೆರಾ ನಿಲ್ಲಿಸಿ, ಅವಳ ವಾಕ್ಯಗಳನ್ನು ತನ್ನ ಬಾಯಿಂದ ಹೇಳಿದ. "ಈ ಆಟಗಳು ತಪ್ಪಿನ್ಯಾಗ ನಮಗ ಪಾಲು ಕೊಡ್ತಾವ" ಎಂದು ಹೇಳಿ ಒಂದು ಕ್ಷಣ ಕಣ್ಣು ಮುಚ್ಚಿದ. ನೋಡುಗರು ಹೆಚ್ಚಿದರು. 'ಏನ್ ಆಳವಾದ ಮಾತು ಗುರುವೇ' ಎಂದು ಬರೆದರು.

ನೀಲಗಂಗಾ ಆ ವಿಡಿಯೊ ನೋಡಿ ಕೆಳಗಿಳಿದು ಬಂದಳು.

"ಹೆಸರು ಹೇಳಬೇಕಿತ್ತಲ್ಲಣ್ಣ."

"ಯಾರ ಹೆಸರು?"

"ಬರದಾಕಿ ಹೆಸರು."

"ಮನಿ ಮಂದಿಯೊಳಗ ನಿಂದು ನಂದು ಅಂತ ಏನೈತಿ ತಂಗಿ?" ಅವನು ನಕ್ಕ. "ನಿನ್ನ ನೋಟ್‌ಬುಕ್ ಯಾರ ಓದ್ತಾರ? ನಾ ಹೇಳಿದ್ರ ನಾಕ ಮಂದಿ ಕೇಳ್ತಾರ. ಖುಷಿ ಪಡು."

ದೊಡ್ಡವ್ವ ಹಸಿ ಹುಣಸೆಕಾಯಿ ಕುಟ್ಟುತ್ತ ಅಲ್ಲೇ ಕೂತಿದ್ದಳು. "ಅಣ್ಣಗ ಎದುರು ಮಾತಾಡಬ್ಯಾಡವಾ, ಅವನೂ ಕಷ್ಟ ಪಡ್ತಾನ" ಎಂದಳು. ನೀಲಗಂಗಾ ಮೇಲೆ ಹೋದಳು. ಅಂದಿನಿಂದ ನೋಟ್‌ಬುಕ್ಕನ್ನು ಬಚ್ಚಿಡುತ್ತಾಳೆ ಎಂದುಕೊಂಡೆ. ಬಚ್ಚಿಡಲಿಲ್ಲ. ಎರಡು ವರ್ಷ ಅದು ನನ್ನ ಮಗ್ಗುಲಲ್ಲೇ ಬಿದ್ದಿತ್ತು. ಎರಡು ವರ್ಷ ಅವನು ಅದನ್ನು ತಿಂದ.

ಎರಡನೆಯ ವರ್ಷ ದಸರೆಗೆ ಹತ್ತು ದಿನ ಇರುವಾಗ ಒಂದು ಹೊಸ ಆಟ ಬಂತು. ಅದರ ಇಂಗ್ಲಿಷ್ ಹೆಸರು ಉದ್ದದ್ದು. ನೀಲಗಂಗಾ ಅದನ್ನು 'ದೋಣಿಯವಳು' ಎಂದು ಬರೆದುಕೊಂಡಳು. ಹೊಳೆ ದಾಟಿಸುವ ಒಬ್ಬ ಹೆಂಗಸು. ಅವಳ ತಮ್ಮನನ್ನು ಒಬ್ಬ ಕೊಲ್ಲುತ್ತಾನೆ. ಅವಳು ಕೊಂದವನನ್ನು ಹುಡುಕುತ್ತ ಏಳು ಊರು ತಿರುಗುತ್ತಾಳೆ. ಕೊನೆಯಲ್ಲಿ ಅವನನ್ನು ಹೊಳೆಯೊಳಗೆ ಕೊರಳಪಟ್ಟಿ ಹಿಡಿದು ನಿಲ್ಲಿಸುತ್ತಾಳೆ. ಗುಂಡಿ ಒತ್ತು ಎಂದು ಪರದೆ ಹೇಳುತ್ತದೆ. ಒತ್ತಿದರೆ ಅವನು ಮುಳುಗುತ್ತಾನೆ. ಆಮೇಲೆ ಏಳು ನಿಮಿಷದ ಕಟ್‌ಸೀನು: ಸೇಡಿನಿಂದ ಏನು ಬಂತು, ನೀನು ಏನಾಗಿಬಿಟ್ಟೆ ಎಂದು ಆಟವೇ ಆಡುವವರನ್ನು ಬೈಯುತ್ತದೆ.

ನೀಲಗಂಗಾ ಒತ್ತಲಿಲ್ಲ. ಕಂಟ್ರೋಲರನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಳು. ಹೊಳೆ ಹರಿಯುತ್ತಿತ್ತು. ಒಂದು ನಿಮಿಷ, ಎರಡು, ಮೂರು. ನಾಲ್ಕು ನಿಮಿಷ ತುಂಬಿದಾಗ ದೋಣಿಯವಳು ತಾನಾಗಿ ಕೈ ಬಿಟ್ಟಳು. ದಂಡೆಗೆ ಬಂದು ಸೆರಗು ಹಿಂಡಿಕೊಂಡು ನಡೆದು ಹೋದಳು. ಮಾತಿಲ್ಲ, ಸಂಗೀತವಿಲ್ಲ. ಹೀಗೊಂದು ಕೊನೆ ಇದೆ ಎಂದು ಆಟ ಎಲ್ಲಿಯೂ ಹೇಳಿರಲಿಲ್ಲ. ನಲವತ್ತೊಂದು ತಾಸು ಎಂದು ನಾನು ಅವಳ ಹೆಸರಿನಲ್ಲಿ ಬರೆದುಕೊಂಡೆ. ಅವಳು ಕಣ್ಣೊರೆಸಿಕೊಂಡಳು.

ಅದಾದ ಮರುದಿನ ಬೆಳಿಗ್ಗೆ ಅವಳ ಫೋನಿಗೆ ಒಂದು ಪತ್ರ ಬಂತು. ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಕಥೆಯ ಆಟಗಳ ಬಗ್ಗೆ ಅಂಕಣ ಬರೆಯುತ್ತೇನೆಂದು ಅವಳು ಮೂರು ಲೇಖನ ಕಳಿಸಿದ್ದಳು. ಸಂಪಾದಕರ ಉತ್ತರವನ್ನು ನನ್ನೆದುರಿಗೆ ನಿಂತು ಎರಡು ಸಲ ಓದಿದಳು. "ನಿಮ್ಮ ಲೇಖನದ ಅನೇಕ ವಾಕ್ಯಗಳು ಶ್ರೀ ಚಿದಾನಂದ ಅವರ ವಿಡಿಯೊಗಳಲ್ಲಿ ಈಗಾಗಲೇ ಬಂದಿವೆ. ಇನ್ನೊಬ್ಬರ ಮಾತನ್ನು ನಿಮ್ಮದೆಂದು ಕಳಿಸುವುದು ಸರಿಯಲ್ಲ. ಬರೆಯುವ ಆಸೆ ಇದ್ದರೆ ಸ್ವಂತವಾಗಿ ಯೋಚಿಸಿ."

ಅವಳು ಫೋನನ್ನು ನನ್ನ ಬೆನ್ನ ಮೇಲೆ ಇಟ್ಟಳು. ಆಮೇಲೆ ಕೂತು, ನೋಟ್‌ಬುಕ್ ತೆರೆದು, ದೋಣಿಯವಳ ಬಗ್ಗೆ ಎಂದಿನಂತೆ ಬರೆದಳು. ಎಡಗಡೆ, ಬಲಗಡೆ. ಕೊನೆಯ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ನಂತರ ಮೂರು ಸಾಲು ಬರೆದು, ಮೆಲ್ಲಗೆ ಓದಿಕೊಂಡಳು.

"ಕೊನೆಗೆ ದೋಣಿಯವಳು ದಂಡೆಯಲ್ಲಿ ಕೂತು, ತಮ್ಮ ಸಾಯುವ ಮೊದಲು ತನಗೆ ಬರೆದಿದ್ದ ಪತ್ರವನ್ನು ತೆರೆಯುತ್ತಾಳೆ. ಅವನ ಅಕ್ಷರ ನೀರಿನಲ್ಲಿ ಕದಡುತ್ತದೆ. ಇಡೀ ಆಟದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ ದೃಶ್ಯ."

ಆಟದಲ್ಲಿ ಅಂಥ ಪತ್ರವೇ ಇಲ್ಲ. ಇರುವ ಹಾಗೂ ಇಲ್ಲ. ಆ ತಮ್ಮನಿಗೆ ಓದು ಬರಹ ಬಾರದು. ಸಂತೆಯಲ್ಲಿ ಅಂಗಡಿಯ ಬೋರ್ಡುಗಳನ್ನು ಅಕ್ಕ ಅವನಿಗೆ ಒಂದೊಂದಾಗಿ ಓದಿ ಹೇಳುವ ಪ್ರಸಂಗವಿದೆ. ಅವನು ಸಾಯುವ ಮೊದಲು ಅವರಿಬ್ಬರೂ ನಗುವುದು ಅಲ್ಲಿಯೇ. ಅದು ಬರುವುದು ಆಟ ಶುರುವಾದ ನಲವತ್ತೈದನೆಯ ನಿಮಿಷಕ್ಕೆ. ಆಡಿದವರು ಯಾರೂ ಅದನ್ನು ಮರೆಯುವುದಿಲ್ಲ. ಚಿದಾನಂದ ಆಡಿದ್ದು ಮೂವತ್ತೆಂಟು ನಿಮಿಷ.

ನೋಟ್‌ಬುಕ್ಕನ್ನು ಅವಳು ಎಂದಿನ ಜಾಗದಲ್ಲಿಟ್ಟು ಮೇಲೆ ಹೋದಳು. ನನ್ನ ಫ್ಯಾನು ಅಂದು ತಿರುಗಿದಷ್ಟು ಹಗುರಾಗಿ ಎಂದೂ ತಿರುಗಿರಲಿಲ್ಲ.

ಒಂದು ಅಳುಕು ನನಗಿತ್ತು. ಆ ಪುಟ ಓದಿದ ಚಿದಾನಂದನಿಗೆ ಎಂದೂ ಇಲ್ಲದ ಶ್ರದ್ಧೆ ಆ ಸಲ ಬಂದಿತ್ತು. ಕೊನೆಯ ದೃಶ್ಯದ ತುಣುಕನ್ನು ವಿಡಿಯೊದಲ್ಲಿ ಸೇರಿಸಬೇಕೆಂದು, ನೀಲಗಂಗಾಳ ಹೆಸರಿನಲ್ಲಿ ಉಳಿದಿದ್ದ ಆಟವನ್ನು ತೆರೆಯಲು ಮಹಾನವಮಿಯ ಮಧ್ಯಾಹ್ನ ಬಂದ. ತೆರೆದಿದ್ದರೆ ಪತ್ರವಿಲ್ಲ ಎಂಬುದು ಅವನಿಗೆ ಗೊತ್ತಾಗುತ್ತಿತ್ತು. ಆದರೆ ಅಂದು ಖಂಡೇಪೂಜೆ, ಆಯುಧಪೂಜೆಯ ದಿನ. ದೊಡ್ಡವ್ವ ಬೆಳಿಗ್ಗೆಯೇ ಈಳಿಗೆ, ಹೊಲಿಗೆ ಮಷಿನ್ನು, ಮಿಕ್ಸರಿನ ಜೊತೆಗೆ ನನ್ನನ್ನೂ ಮಣೆಯ ಮೇಲೆ ಕೂರಿಸಿ, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿದ್ದಳು.

"ಮುಟ್ಟಬ್ಯಾಡೋ. ಪೂಜಿ ಆಗೈತಿ. ನಾಳಿ ಬನ್ನಿ ಮುಡಿಯೂತನ ಅದನ್ನ ಎಬ್ಬಸೂ ಹಂಗಿಲ್ಲ."

"ಯವ್ವಾ, ಇದು ಕುಡಗೋಲು ಅಲ್ಲ. ಐದು ನಿಮಿಷದ ಕೆಲಸ."

"ಕರೆಂಟ್ ತಿಂತೈತಿ ಅಂದಮ್ಯಾಲೆ ಅದಕೂ ಒಂದಿನ ಸೂಟಿ ಬೇಕು. ಸುಮ್ನ ಹೋಗು."

ಮೆಟ್ಟಿಲ ಮೇಲೆ ನೀಲಗಂಗಾ ನಿಂತು ನೋಡುತ್ತಿದ್ದಳು. ಈ ಆಟದ ವಿಡಿಯೊ ಕನ್ನಡದಲ್ಲಿ ತಾನೇ ಮೊದಲು ಬಿಡಬೇಕು ಎಂಬ ಅವಸರ ಚಿದಾನಂದನಿಗೆ. ನೋಟ್‌ಬುಕ್ಕು ಅವನಿಗೆ ಎಂದೂ ಸುಳ್ಳು ಹೇಳಿರಲಿಲ್ಲ. ವಿಜಯದಶಮಿಯ ಬೆಳಿಗ್ಗೆ ವಿಡಿಯೊ ಬಿಟ್ಟ. "ಆ ತಮ್ಮನ ಪತ್ರ ಓದೂಮುಂದ ನನ್ನ ಕಣ್ಣಾಗ ನೀರು ನಿಲ್ಲಲಿಲ್ಲ ದೋಸ್ತಗೋಳ" ಎಂದಿದ್ದ.

ಸಂಜೆ ಬನ್ನಿ ಹಂಚುವ ಹೊತ್ತಿನಲ್ಲೂ ಅವನಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. ಹೊಸ ಅಂಗಿ ತೊಟ್ಟು ಎಲೆ ಹಿಡಿದುಕೊಂಡು ಬಂದ. "ಬನ್ನಿ ತಗೋ ತಂಗಿ, ಬಂಗಾರದಂಗ ಇರೂಣು. ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊ." ವರ್ಷಕ್ಕೊಮ್ಮೆ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ನೀಲಗಂಗಾ ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಅವನು ಆ ಮಾತನ್ನು ನಿಜವಾಗಿ ಹೇಳುತ್ತಾನೇನೋ ಎಂದು ಕಾದಳು ಅನಿಸುತ್ತದೆ. ಅವನು ಆಗಲೇ ಪಕ್ಕದವರಿಗೆ ಎಲೆ ಕೊಡುತ್ತಿದ್ದ. ಅವಳು ಬಗ್ಗಿ ಅವನ ಕಾಲು ಮುಟ್ಟಿದಳು. ಬನ್ನಿ ಎಲೆಯನ್ನು ನೋಟ್‌ಬುಕ್ಕಿನ ಆ ಕೊನೆಯ ಪುಟದಲ್ಲಿ ಇಟ್ಟಳು.

ಮರುದಿನ ಬೆಳಗಾಗುವಷ್ಟರಲ್ಲಿ ಶುರುವಾಯಿತು. 'ಯಾವ ಪತ್ರ ಅಣ್ಣ? ಆ ಹುಡುಗನಿಗೆ ಅಕ್ಷರವೇ ಬರಲ್ಲವಲ್ಲ?' 'ಅಣ್ಣ ಆಟ ಆಡಿಲ್ಲ, ಡಬ್ಬಿ ನೋಡಿ ಮಾತಾಡಿದ್ದಾನೆ.' 'ನಿಮ್ಮ ಕಣ್ಣೀರು ಯಾವ ಅಂಗಡಿಯದು?' ಚಿದಾನಂದ ಮೊದಲು ನಕ್ಕ. ಆಮೇಲೆ ಬೆವೆತ. ಮಹಡಿ ಏರಿ ಹೋಗಿ ಕೇಳಿದ್ದು ನನಗೂ ಕೇಳಿಸಿತು.

"ಏನ್ ಬರದೀ ಅದರಾಗ?"

"ನನಗ ತಿಳದದ್ದು ಬರದೀನಿ. ನನ್ನ ನೋಟ್‌ಬುಕ್ ನಿನಗ ಯಾಕ ಬೇಕಿತ್ತಣ್ಣ?"

ಅವನು ತಪ್ಪು ಒಪ್ಪಿಕೊಂಡಿದ್ದರೆ ಎರಡು ದಿನದ ನಗೆಯಲ್ಲಿ ಮುಗಿಯುತ್ತಿತ್ತು. ಅವನು ನೇರಪ್ರಸಾರ ಇಟ್ಟ. ಈ ಆಟಕ್ಕೆ ಹಲವು ಕೊನೆಗಳಿವೆ, ತನಗೆ ಸಿಕ್ಕ ಕೊನೆಯಲ್ಲಿ ಪತ್ರವಿತ್ತು, ತಾನೇ ಆಡಿ ಮುಗಿಸಿದ್ದು, ನೋಡಿ ಎಂದು ಸಾವಿರಾರು ಜನರ ಮುಂದೆ ಮಧ್ಯಾಹ್ನ ನಾಲ್ಕಕ್ಕೆ ನನ್ನ ಗುಂಡಿ ಒತ್ತಿದ. ನೀಲಗಂಗಾ ಆಡಿ ಮುಗಿಸಿದ್ದ ಆಟವನ್ನೇ ತನ್ನದೆಂದು ತೋರಿಸುವುದು ಅವನ ಲೆಕ್ಕಾಚಾರ.

ಆಟ ತೆರೆಯುವ ಮೊದಲು ನಾನು ಒಂದು ಪುಟ ತೋರಿಸುತ್ತೇನೆ. ಯಾರು ಎಷ್ಟು ಆಡಿದ್ದಾರೆ ಎಂಬ ಪುಟ. ಸಾಮಾನ್ಯವಾಗಿ ಎರಡು ಸೆಕೆಂಡಿನಲ್ಲಿ ಅದು ಸರಿದುಹೋಗುತ್ತದೆ. ಅವನು ಎಂದೂ ಅದನ್ನು ಗಮನಿಸಿರಲಿಲ್ಲ. ಅಂದು ಅದು ಹನ್ನೊಂದು ಸೆಕೆಂಡು ನಿಂತಿತು. ವಿಭೂತಿ ಫ್ಯಾನಿಗೆ ಹೋಗಿ ನಾನು ಬಿಸಿಯಾಗಿದ್ದೆ, ಅದಕ್ಕೇ ತಡವಾಯಿತು ಎಂದು ಬಲ್ಲವರು ಹೇಳಬಹುದು. ಹೇಳಲಿ.

ನೀಲಗಂಗಾ: ನಲವತ್ತೊಂದು ತಾಸು, ಆಟ ಪೂರ್ಣ.

ಚಿದಾನಂದ: ಮೂವತ್ತೆಂಟು ನಿಮಿಷ.

ಅವನು ಗುಂಡಿ ಒತ್ತಿದ. ಮತ್ತೆ ಒತ್ತಿದ. ಕೊನೆಗೆ ವೈರು ಕಿತ್ತ. ಕತ್ತಲೆಯೊಳಗೆ ಹೋಗುವಾಗ ನಾನು ನಗುತ್ತಿದ್ದೆ.

ಅದನ್ನು ನೋಡಿದ ಸಂಪಾದಕರು ನೀಲಗಂಗಾಳಿಗೆ ಮತ್ತೆ ಬರೆದರು. ಅಂಕಣ ಸಿಕ್ಕಿತು, ಹೆಸರಿನ ಸಮೇತ ಅಚ್ಚಾಯಿತು. ಮನೆಯಲ್ಲಿ ಮಾತ್ರ ಬೇರೆ ಮಾತು. ದೊಡ್ಡವ್ವ ಅವಳ ಜೊತೆ ಮಾತು ಬಿಟ್ಟಳು. "ಮನಿ ಮರ್ಯಾದಿ ಬಜಾರಕ್ಕ ಇಟ್ಲು" ಎಂದು ಬಂದವರಿಗೆಲ್ಲ ಹೇಳಿದಳು. ಚಿದಾನಂದ ಒಂದು ದಿನವೂ ತಪ್ಪಾಯಿತು ಎನ್ನಲಿಲ್ಲ. ಬಂದ ನೆಂಟರ ಎದುರಿಗೆ, ಬರೆಯಲು ಅವಳಿಗೆ ಕಲಿಸಿದ್ದೇ ತಾನು ಎಂದ. ಅದನ್ನು ಅವಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು.

ಅವಳ ಮೊದಲ ಅಂಕಣ ದೋಣಿಯವಳ ಬಗ್ಗೆಯೇ ಇತ್ತು. ಕೊಲ್ಲಲು ಗುಂಡಿ ಕೊಟ್ಟು, ಒತ್ತಿದ ಮೇಲೆ ಬೈಯುವುದು ಈ ಆಟದ ದೊಡ್ಡ ಅಪ್ರಾಮಾಣಿಕತೆ. ಒತ್ತದವರಿಗಾಗಿ ನಾಲ್ಕು ನಿಮಿಷದ ಮೌನವನ್ನು ಮುಚ್ಚಿಟ್ಟಿರುವುದು ಅದರ ದೊಡ್ಡ ಗುಣ ಎಂದು ಬರೆದಿದ್ದಳು. ಚಿದಾನಂದ ಅದನ್ನು ಓದಿದ. ಮರುದಿನದಿಂದ ಬಾಗಿಲು ಹಾಕಿಕೊಂಡು ಆಡತೊಡಗಿದ, ಮೊದಲಿನಿಂದ, ತನ್ನ ಹೆಸರಿನಲ್ಲಿ. ಒಂದು ತಿಂಗಳಾಯಿತು. ಹೊಳೆಯವರೆಗೂ ಬಂದ. ಆ ನಾಲ್ಕು ನಿಮಿಷ ತನಗೂ ಬೇಕೆಂದು ಕಂಟ್ರೋಲರ್ ಕೆಳಗಿಟ್ಟ.

ಅವನಿಂದ ಆಗಲಿಲ್ಲ. ಕಾಲು ಕುಣಿಸಿದ, ಫೋನು ನೋಡಿದ, ಎದ್ದು ಕೂತ. ಕೈ ತಾನಾಗಿ ಗುಂಡಿಯ ಕಡೆ ಹೋಯಿತು. ಒತ್ತಿಬಿಡುತ್ತೇನೆ ಎನ್ನಿಸಿದ ಕೂಡಲೇ ವೈರು ಕಿತ್ತ. ಮೂರು ದಿನ ಮೂರು ಸಲ ಹೀಗಾಯಿತು. ಅವನು ತಡೆದುಕೊಂಡದ್ದರಲ್ಲಿ ಹೆಚ್ಚಿನದು ಎರಡು ನಿಮಿಷ ಹತ್ತು ಸೆಕೆಂಡು. ನಾನು ಒಂದೊಂದನ್ನೂ ಬರೆದುಕೊಂಡೆ. ನಾಲ್ಕನೆಯ ದಿನ ನನ್ನನ್ನು ಕಂಕುಳಲ್ಲಿ ಹಿಡಿದು ರಾಜೇಸಾಬನ ರಿಪೇರಿ ಅಂಗಡಿಗೆ ತಂದು, ಬದಲಿಗೆ ಒಂದು ಹಳೆಯ ಮೈಕು ಒಯ್ದ.

ರಾಜೇಸಾಬ ನನ್ನನ್ನು ಬಿಚ್ಚಿ ಬ್ರಷ್ಷಿನಿಂದ ಝಾಡಿಸಿದ. "ಯಾರೋ ಇದಕ ವಿಭೂತಿ ತಿನಸ್ಯಾರ" ಎಂದು ತನ್ನಷ್ಟಕ್ಕೆ ನಕ್ಕ. ಅಳಿಸುವ ಮೊದಲು ಕೊಟ್ಟವರನ್ನು ಒಮ್ಮೆ ಕೇಳುವುದು ಅವನ ಪದ್ಧತಿ. ಒಳಗೆ ಯಾರದಾದರೂ ಫೋಟೋ, ಸತ್ತವರ ದನಿ ಇರಬಹುದು ಎನ್ನುತ್ತಾನೆ. ಚಿದಾನಂದನಿಗೆ ಫೋನು ಮಾಡಿದ. "ಅದರಾಗ ನಂದೇನೂ ಇಲ್ರಿ. ಇದ್ರ ನನ್ನ ತಂಗೀದು" ಎಂದು ಅವನು ನೀಲಗಂಗಾಳ ನಂಬರು ಕೊಟ್ಟದ್ದು ನನಗೂ ಕೇಳಿಸಿತು. ಅವನ ಬಾಯಿಂದ ನಾನು ಕೇಳಿದ ಮೊದಲ ನಿಜ.

ಇಂದು ಮಧ್ಯಾಹ್ನ ಅವಳು ಬಂದಳು. ಸ್ಟೂಲಿನ ಮೇಲೆ ಕೂತು ತನ್ನ ಆಟಗಳನ್ನೆಲ್ಲ ಒಂದು ಸಲ ನೋಡಿದಳು. ಆಮೇಲೆ ಅಣ್ಣನ ಹೆಸರು ಕಂಡು ಅದನ್ನು ತೆರೆದಳು. ಹೊಳೆ. ದೋಣಿಯವಳ ಕೈಯಲ್ಲಿ ಆ ಮನುಷ್ಯನ ಕೊರಳಪಟ್ಟಿ. ಚಿದಾನಂದ ಬಿಟ್ಟುಹೋದ ಜಾಗ.

ಅವಳು ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಎಣಿಸತೊಡಗಿದೆ. ಒಂದು ನಿಮಿಷ. ಎರಡು. ಎರಡು ನಿಮಿಷ ಹತ್ತು ಸೆಕೆಂಡೂ ದಾಟಿತು. ಮೂರು. ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ಮೂರು ನಿಮಿಷ ನಲವತ್ತು ಸೆಕೆಂಡು. ಇನ್ನು ಇಪ್ಪತ್ತು ಸೆಕೆಂಡು ಕಳೆದಿದ್ದರೆ ದೋಣಿಯವಳು ಕೈ ಬಿಡುತ್ತಿದ್ದಳು. ನೀಲಗಂಗಾಳಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರೂ ಇಲ್ಲ.

ಅವಳು ಕಂಟ್ರೋಲರನ್ನು ಎತ್ತಿಕೊಂಡು ಗುಂಡಿ ಒತ್ತಿದಳು. ಒತ್ತಿದ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ.

"ಹೋಗಣ್ಣ" ಎಂದಳು, ಮುಳುಗುತ್ತಿದ್ದವನನ್ನು ನೋಡಿ.

ಈ ಸೀಮೆಯಲ್ಲಿ ಹೊರಟು ನಿಂತವರಿಗೆ ಹೋಗಿ ಬಾ ಎನ್ನುತ್ತಾರೆ. ಅವಳು ಬಾ ಎನ್ನಲಿಲ್ಲ.

ಏಳು ನಿಮಿಷ ಆಟ ಅವಳನ್ನು ಬೈಯಿತು. ಅವಳು ದಾಟಿಸಲಿಲ್ಲ, ಪೂರ್ತಿ ಬೈಸಿಕೊಂಡಳು. ಕೊನೆಯಲ್ಲಿ, ನನ್ನ ಕೆಲಸವೇ ಅದಾದ್ದರಿಂದ, ನಾನು ಪರದೆಯ ಮೇಲೆ ಬರೆದು ತೋರಿಸಬೇಕಾಯಿತು. ಚಿದಾನಂದ: ಆಟ ಪೂರ್ಣ.

ನೀಲಗಂಗಾ ಅದನ್ನು ನೋಡಿದಳು. ಅವಳ ಕೈಯಿಂದ ಆದದ್ದು ಇನ್ನೊಮ್ಮೆ ಅವನ ಹೆಸರಿಗೆ ಹೋಗಿತ್ತು.

"ಮುಗೀತೇನ್ರಿ ಅಕ್ಕಾರ?" ರಾಜೇಸಾಬ ಕೇಳಿದ.

"ಮುಗೀತ್ರಿ."

"ಮತ್ತ ಅಳಸ್ಲೇನು? ನಿಮ್ಮವು ಭಾಳ ತಾಸಿನವು ಅದಾವ. ಬೇಕಂದ್ರ ತಗದಿಡತೀನಿ."

"ಎಲ್ಲಾನೂ ಅಳಸ್ರಿ" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಈಗ ಅಂಗಡಿಯ ಮೇಲಿನ ಹಲಗೆಯಲ್ಲಿ, ಒಂದು ಹಳೆಯ ರೇಡಿಯೊದ ಪಕ್ಕ ಇದ್ದೇನೆ. ವೈರು ಸುತ್ತಿಟ್ಟಿದ್ದಾರೆ. ನಾಳೆ ಅವಳ ನಲವತ್ತೊಂದು ತಾಸು ಹೋಗುತ್ತದೆ, ನಾಲ್ಕು ನಿಮಿಷದ ಆ ಮೌನ ಹೋಗುತ್ತದೆ, ಅವನ ಆ ಮೊದಲ ಮೂವತ್ತೆಂಟು ನಿಮಿಷವೂ ಹೋಗುತ್ತದೆ. ಸೇಡಿನಿಂದ ಏನು ಬಂತು ಎಂದು ಆಟ ಏಳು ನಿಮಿಷ ಕೇಳಿತು. ಉತ್ತರ ನನಗೆ ಗೊತ್ತಿಲ್ಲ. ಆ ಹನ್ನೊಂದು ಸೆಕೆಂಡು ಮತ್ತೆ ಸಿಕ್ಕರೆ ನಾನು ಹನ್ನೆರಡು ಮಾಡುತ್ತೇನೆ, ಅಷ್ಟು ಗೊತ್ತು. ಕಂಡದ್ದನ್ನು ಕಂಡಂತೆ ಬರೆದಿಟ್ಟ ಪೆಟ್ಟಿಗೆ ನಾನು. ಜೀವಮಾನದಲ್ಲಿ ಬರೆದುಕೊಂಡ ಒಂದೇ ಸುಳ್ಳು ಅವನ ಹೆಸರಿನ ಮುಂದಿರುವ ಆ ಎರಡು ಶಬ್ದ. ರಾಜೇಸಾಬ ಮೊದಲು ಅದನ್ನು ಅಳಿಸಲಿ.